ಮೊದಲು ಮ್ಯಾಟ್ ಎತ್ತಿ, ಆಮೇಲೆ ಬಾನೆಟ್: ರಿಸ್ಟೋರ್ ಮಾಡಲು ಮೊದಲ ಹಳೇ ಕಾರು ಆರಿಸುವ ಮಲೆನಾಡಿನ ದಾರಿ

ಹಳೇ ಕಾರು ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ಸ್ಟಾರ್ಟ್ ಆಗುತ್ತದಾ, ಹೊಗೆ ಎಷ್ಟು, ಸದ್ದು ಹೇಗೆ ಎಂದು ವಿಚಾರಿಸುತ್ತಾರೆ. ನಮ್ಮ ಮಲೆನಾಡಿನಲ್ಲಿ ಮೊದಲು ಎತ್ತಬೇಕಾದ್ದು ಕಾಲ ಕೆಳಗಿನ ಮ್ಯಾಟ್.

ಇಲ್ಲಿನ ಮಳೆ ಗೊತ್ತಲ್ಲ. ಆಗುಂಬೆಯ ವರ್ಷದ ಸರಾಸರಿಯೇ 7000 ಮಿಲಿಮೀಟರ್ ದಾಟುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ಗೋಡೆಗೆಲ್ಲ ಬೂಷ್ಟು ಬಂದಿರುತ್ತದೆ. ಅದೇ ಗಾಳಿಯಲ್ಲಿ, ಮಣ್ಣು ನೆಲದ ಶೆಡ್ಡಿನಲ್ಲಿ, ಅಡಿಕೆ ಸಿಪ್ಪೆ ಮೂಟೆಗಳ ಪಕ್ಕ ಎಷ್ಟೋ ವರ್ಷ ನಿಂತ ಕಾರಿನ ತಗಡು ಏನಾಗಿರಬೇಡ?

ಎಂಜಿನ್ ಕೆಟ್ಟಿದ್ದರೆ ಹೆದರಬೇಕಾಗಿಲ್ಲ. ಶಿವಮೊಗ್ಗದಲ್ಲಿ ಸವೆದ ಸಿಲಿಂಡರನ್ನು ಕೊರೆದು ಸರಿಮಾಡುವ, ಅಂದರೆ ಬೋರಿಂಗ್ ಮಾಡುವ ಲೇತ್‌ಗಳಿವೆ. ಓವರ್‌ಸೈಜ್ ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ತರಿಸಬಹುದು. ಬಾಡಿ ಹೋಗಿದ್ದರೆ ಮಾತ್ರ ಕಥೆಯೇ ಬೇರೆ. ಅಂಬಾಸಿಡರ್‌ಗಾಗಲಿ ಪದ್ಮಿನಿಗಾಗಲಿ ಲಾರಿಯ ಹಾಗೆ ಬೇರೆ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು ಸೇರಿಯೇ ಇಡೀ ಕಾರಿನ ಭಾರ ಹೊರುತ್ತವೆ. ಅವು ತುಕ್ಕು ತಿಂದಿದ್ದರೆ ನೀವು ಕಾರು ರಿಪೇರಿ ಮಾಡುತ್ತಿಲ್ಲ, ಹೊಸದಾಗಿ ಕಾರು ಕಟ್ಟುತ್ತಿದ್ದೀರಿ. ಮೊದಲ ಸಲ ಕೈ ಹಾಕುವವರಿಗೆ ಅದು ಬೇಡ. ತಗಡು, ದಾಖಲೆ, ಬಿಡಿಭಾಗ, ಈ ಮೂರರ ನಂತರವೇ ಎಂಜಿನ್. ಇಡೀ ಲೇಖನ ಇದೇ ಲೆಕ್ಕದಲ್ಲಿ ಸಾಗುತ್ತದೆ.

ಒಂದು: ಕಾರಿಗಿಂತ ಮೊದಲು ಜಾಗ

ಸಿಮೆಂಟ್ ನೆಲ, ಸೋರದ ಮಾಡು, ಗಾಳಿ ಆಡುವ ಶೆಡ್ಡು ಬೇಕೇ ಬೇಕು. ಬಿಚ್ಚಿದ ಕಾರು ನಿಲ್ಲಿಸಿದ ಕಾರಿಗಿಂತ ಬಹಳ ಜಾಸ್ತಿ ಜಾಗ ತಿನ್ನುತ್ತದೆ. ಬಾಗಿಲು, ಸೀಟು, ಬಾನೆಟ್, ಗಾಜು ಎಲ್ಲವನ್ನೂ ಎಲ್ಲಾದರೂ ಇಡಬೇಕಲ್ಲ. ಅಂಗಳದಲ್ಲಿ ಟಾರ್ಪಾಲ್ ಹೊದಿಸಿ ಇಡುತ್ತೇನೆ ಎನ್ನುವವರಿದ್ದಾರೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ತೇವ ಹೊರಗೆ ಹೋಗದೆ ತುಕ್ಕು ಇನ್ನೂ ಬೇಗ ಏರುತ್ತದೆ. ಜಾಗ ಇಲ್ಲದಿದ್ದರೆ ಕಾರು ಕೊಳ್ಳುವುದನ್ನು ಮುಂದಕ್ಕೆ ಹಾಕಿ.

ಹಣದ ವಿಷಯಕ್ಕೆ ನನ್ನ ಲೆಕ್ಕ ಸರಳ. ಕೈಯಲ್ಲಿರುವ ಒಟ್ಟು ಹಣದಲ್ಲಿ ಮೂರನೇ ಒಂದು ಭಾಗ ಮೀರಿ ಕಾರಿಗೆ ಕೊಡಬೇಡಿ. ಉಳಿದದ್ದು ಟಿಂಕರಿಂಗ್ (ತಗಡಿನ ಕೆಲಸ), ಪೇಂಟ್, ಟೈರು, ಕುಶನ್ ಕೆಲಸ, ಆರ್‌ಟಿಒ ಖರ್ಚಿಗೆ ಬೇಕಾಗುತ್ತದೆ.

ಎರಡು: ಯಾವ ಕಾರು

ಇಲ್ಲಿ ನನಗೆ ಖಚಿತ ಅಭಿಪ್ರಾಯ ಇದೆ. ಮೊದಲ ಕೆಲಸಕ್ಕೆ ಪೆಟ್ರೋಲ್ ಪ್ರೀಮಿಯರ್ ಪದ್ಮಿನಿ. ಅದು ಒಪ್ಪಿಗೆಯಾಗದಿದ್ದರೆ ಅಂಬಾಸಿಡರ್.

ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಮುಂಬೈಯ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 1974ರ ಹೊತ್ತಿಗೆ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿಯ ಚಿಕ್ಕ ಎಂಜಿನ್, ಒಂದು ಕಾರ್ಬುರೇಟರ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕಾರು ಸಣ್ಣದು, ಹಾಗಾಗಿ ಪೇಂಟ್, ತಗಡು, ಕುಶನ್ ಬಟ್ಟೆ ಎಲ್ಲದರ ಖರ್ಚೂ ಕಡಿಮೆ. ದಶಕಗಳ ಕಾಲ ಮುಂಬೈಯಲ್ಲಿ ಟ್ಯಾಕ್ಸಿಯಾಗಿ ಓಡಿದ್ದರಿಂದ ಬಿಡಿಭಾಗಗಳ ದೊಡ್ಡ ಮಾರುಕಟ್ಟೆಯೇ ಬೆಳೆದಿತ್ತು. ಹುಡುಕಿದರೆ ಈಗಲೂ ಬಹಳಷ್ಟು ಸಿಗುತ್ತದೆ.

ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೂ ತಯಾರಾಯಿತು. ದಪ್ಪ ತಗಡು, ಗಟ್ಟಿ ಮೈ. ಇದರ 1489 ಸಿಸಿ ಎಂಜಿನ್ ಗೊತ್ತಿಲ್ಲದ ಹಳೇ ಮೇಸ್ತ್ರಿ ನಮ್ಮ ಕಡೆ ಸಿಗುವುದು ಕಷ್ಟ. ಆದರೆ ಕಾರು ದೊಡ್ಡದು, ಬಾಗಿಲು ಒಬ್ಬರೇ ಎತ್ತಿ ಕೂರಿಸಲಾಗದಷ್ಟು ಭಾರ. ಹಳದಿ ಬೋರ್ಡಿನಲ್ಲಿ ಟ್ಯಾಕ್ಸಿಯಾಗಿ ಓಡಿದ್ದು ಸಿಕ್ಕರೆ ಪರ್ಮಿಟ್ ಸರೆಂಡರ್ ಆಗಿ ಖಾಸಗಿಗೆ ಬದಲಾಗಿದೆಯಾ ಎಂದು ಕೇಳಿ. ಆಗಿಲ್ಲದಿದ್ದರೆ ಅದನ್ನು ಮಾಡಿಕೊಡುವ ಜವಾಬ್ದಾರಿ ಮಾರುವವರದ್ದು.

ಜೀಪಿನ ಆಸೆ ಮಲೆನಾಡಿನವರಿಗೆ ಸಹಜ. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳನ್ನು ನೋಡುತ್ತಾ ಬೆಳೆದವರು ನಾವು. ಬಿಚ್ಚಲು ಜೀಪಿನಷ್ಟು ಸುಲಭದ್ದು ಇನ್ನೊಂದಿಲ್ಲ, ನಿಜ. ಬೇರೆ ಚಾಸಿ ಇದೆ, ಬಾಡಿಯನ್ನು ಬೋಲ್ಟ್ ಬಿಚ್ಚಿ ಎತ್ತಿ ಪಕ್ಕಕ್ಕಿಡಬಹುದು. ತೊಂದರೆ ಇರುವುದು ದಾಖಲೆಯಲ್ಲಿ. ತೋಟದಲ್ಲಿ ದುಡಿದ ಜೀಪಿಗೆ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಹಾಕಿರುತ್ತಾರೆ, ಗೇರ್‌ಬಾಕ್ಸ್ ಇನ್ನೊಂದರದ್ದು, ಬಾಡಿ ಮತ್ತೊಂದರದ್ದು. ಆರ್‌ಸಿಯಲ್ಲಿ ಅದ್ಯಾವುದೂ ಬರೆದಿರುವುದಿಲ್ಲ. ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಆರ್‌ಸಿಗೆ ಹೊಂದುವ ಜೀಪು ಸಿಕ್ಕರೆ ಧೈರ್ಯವಾಗಿ ತೆಗೆದುಕೊಳ್ಳಿ. ಹೊಂದದಿದ್ದರೆ ಎಷ್ಟೇ ಚೆಂದ ಕಂಡರೂ ಬಿಟ್ಟು ಬನ್ನಿ.

ಮಾರುತಿ 800 ಈಗ ಹಳೇ ಕಾರುಗಳ ಸಾಲಿಗೆ ಬಂದಿದೆ. 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಮಾದರಿಗೆ ಬೇಡಿಕೆ ಇದೆ. ಅದರ ತಗಡು ತೆಳು, ನಮ್ಮ ಹವೆಗೆ ಬೇಗ ಕೊಡುತ್ತದೆ. ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಬಾನೆಟ್ ಎರಡೂ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಎಂಜಿನ್ ಕೆಲಸಕ್ಕೆ ಬಹಳ ಅನುಕೂಲ. ಆದರೆ ಬಿಡಿಭಾಗಕ್ಕೆ ಊರೂರು ಅಲೆಯಬೇಕು. ಕಾಂಟೆಸಾಗೂ ಅದೇ ಮಾತು. ಎಸ್ಟೇಟ್‌ಗಳಲ್ಲಿ ಉಳಿದಿರುವ ಆಸ್ಟಿನ್, ಮಾರಿಸ್ ಮೈನರ್ ಅಂಥವನ್ನು ಎರಡನೇ ಕಾರಾಗಿ ಯೋಚಿಸಿ.

ಬಿಡಿಭಾಗ ಎಂದಾಗ ಪಿಸ್ಟನ್, ಕ್ಲಚ್ ಪ್ಲೇಟ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಜವಾಗಿ ಅಲೆಸುವುದು ಸಣ್ಣ ಸಾಮಾನುಗಳು. ಮುಂದಿನ ಜಾಲರಿ, ದೀಪದ ಸುತ್ತಿನ ಬಳೆ, ಗಾಜಿನ ರಬ್ಬರ್ ಬೀಡಿಂಗ್, ಬಾಗಿಲ ಹಿಡಿ, ಮೀಟರ್, ಹಿಂದಿನ ಗಾಜು. ಅದಕ್ಕೇ ಹೊಳೆಯುವ ಕಾರಿಗಿಂತ ಪೂರ್ತಿ ಇರುವ ಕಾರು ಮೇಲು. ಪೇಂಟ್ ಸುಲಿದು, ಒಂದೂ ಸಾಮಾನು ಕಳೆಯದ ಪದ್ಮಿನಿ ಕಂಡರೆ ಅದನ್ನೇ ಆರಿಸಿ. ಏನೇನು ಇರಬೇಕು ಎಂಬ ಪಟ್ಟಿ ಬರೆದುಕೊಂಡು ಹೋಗಿ. ಸಮಯ ಸಿಕ್ಕರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೇ ಕಾರುಗಳನ್ನು ಒಮ್ಮೆ ನಿಧಾನವಾಗಿ ನೋಡಿ ಬನ್ನಿ. ಸರಿಯಾಗಿ ಉಳಿಸಿಕೊಂಡ ಕಾರಿನ ಅಂಚು, ಕ್ರೋಮ್, ಸೀಟಿನ ಹೊಲಿಗೆ ಹೇಗಿರುತ್ತದೆ ಎಂಬ ಅಂದಾಜು ಕಣ್ಣಿಗೆ ಸಿಗುತ್ತದೆ.

ಮೂರು: ಕಾರು ನೋಡುವುದು

ಸಾಧ್ಯವಾದರೆ ಮಳೆಗಾಲದಲ್ಲೇ ನೋಡಿ. ಸೋರುವ ಜಾಗ, ಒದ್ದೆ ಮ್ಯಾಟ್, ಮುಗ್ಗಲು ವಾಸನೆ ಆಗ ಮುಚ್ಚಿಡಲಾಗದು. ಜೊತೆಗೆ ಟಾರ್ಚ್, ತೆಳು ಬಟ್ಟೆ ಸುತ್ತಿದ ಮ್ಯಾಗ್ನೆಟ್, ಸ್ಕ್ರೂಡ್ರೈವರ್, ಜಾಕ್, ಕೂರಲು ಗೋಣಿಚೀಲ ಇರಲಿ. ಒಬ್ಬ ಟಿಂಕರ್ ಸಿಕ್ಕರೆ ಕರೆದುಕೊಂಡು ಹೋಗಿ. ಮೆಕ್ಯಾನಿಕ್‌ಗಿಂತ ಟಿಂಕರ್ ಕಣ್ಣು ಇಲ್ಲಿ ಮುಖ್ಯ.

ಮನೆಯವರು ಕಾಫಿ ಕೊಡುತ್ತಾ ಹೇಳುತ್ತಾರೆ: "ಏನೂ ಆಗಿಲ್ಲ ಮಾರಾಯ್ರೇ, ನಿಲ್ಲಿಸಿ ಇಟ್ಟಿದ್ದಷ್ಟೇ. ಬ್ಯಾಟರಿ ಹಾಕಿದ್ರೆ ಹೊರಡುತ್ತೆ." ಅವರು ಸುಳ್ಳು ಹೇಳುತ್ತಿಲ್ಲ. ಅವರ ನೆನಪಿನಲ್ಲಿ ಕಾರು ಕೊನೆಯ ಸಲ ಓಡಿದ ದಿನದ ಹಾಗೇ ಇದೆ. ನೀವು ಮಾತ್ರ ಈಗಿರುವ ಕಾರನ್ನು ನೋಡಬೇಕು.

ಡ್ರೈವರ್ ಕಡೆಯ ಮ್ಯಾಟ್ ಪೂರ್ತಿ ಎತ್ತಿ. ಕೆಳಗೆ ಒಂದು ಪದರ ನಾರಿನ ಪ್ಯಾಡ್ ಇರುತ್ತದೆ, ನೀರು ಹಿಡಿದಿಟ್ಟುಕೊಳ್ಳುವುದೇ ಅದು. ಅದನ್ನೂ ಎತ್ತಿ. ತಗಡಿನ ಮೇಲೆ ಕಂದು ಪುಡಿ ಮಾತ್ರ ಇದ್ದರೆ ಮೇಲ್ಮೈಯ ತುಕ್ಕು, ತೊಂದರೆ ಇಲ್ಲ. ಪದರ ಪದರವಾಗಿ ಉಬ್ಬಿ ಹೆಕ್ಕಳಿಕೆ ಎದ್ದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಹೋದ ತಗಡು ಬದ್ದ್ ಎಂದು ಮಂದವಾಗಿ ಸದ್ದು ಮಾಡುತ್ತದೆ. ಪೆಡಲ್ ಹತ್ತಿರದ ಮೂಲೆ, ಸೀಟಿನ ಬೋಲ್ಟ್ ಕೂರುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿ, ಈ ಮೂರನ್ನೂ ಬಿಡಬೇಡಿ.

ಇನ್ನು ಬಾಗಿಲು. ಪ್ರತಿ ಬಾಗಿಲಿನ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಗಾಜಿನ ಸಂದಿಯಲ್ಲಿ ಇಳಿದ ನೀರು ಅಲ್ಲಿಂದಲೇ ಹೊರಗೆ ಬರಬೇಕು. ನಮ್ಮ ಕಡೆಯ ಕಾರುಗಳಲ್ಲಿ ಧೂಳು, ತರಗು ತುಂಬಿ ಅವು ಮುಚ್ಚಿಹೋಗಿರುತ್ತವೆ. ನೀರು ಒಳಗೇ ನಿಂತು ಬಾಗಿಲು ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಯುತ್ತದೆ. ಬಾಗಿಲ ಕೆಳ ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿದ್ದರೆ ಒಳಗೆ ತಗಡು ಹೋಗಿದೆ ಎಂದೇ ಅರ್ಥ. ಮ್ಯಾಗ್ನೆಟ್ ಹಚ್ಚಿ ನೋಡಿ. ಹಿಡಿಯದ ಜಾಗದಲ್ಲಿರುವುದು ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ. ಅಂಗೈಯಗಲ ಪುಟ್ಟಿ ಎಲ್ಲಾ ಹಳೇ ಕಾರಿನಲ್ಲೂ ಇರುತ್ತದೆ, ಅದಕ್ಕೆ ಚಿಂತೆ ಬೇಡ. ಬಾಗಿಲ ಕೆಳಗಿನ ಪಟ್ಟಿ ಉದ್ದಕ್ಕೂ ಹಿಡಿಯದಿದ್ದರೆ ನಮಸ್ಕಾರ ಹೇಳಿ ಹೊರಡಿ.

ಬಾಗಿಲು ತೆರೆದು ಮುಚ್ಚಿ. ತೆರೆದಾಗ ಕೆಳಕ್ಕೆ ಜಗ್ಗಿ, ಮುಚ್ಚುವಾಗ ಎತ್ತಿ ಒತ್ತಬೇಕಾದರೆ ಎರಡು ಸಾಧ್ಯತೆ. ಹಿಂಜ್ ಸವೆದಿದ್ದರೆ ಸಣ್ಣ ಕೆಲಸ. ಕಂಬದ ಬುಡ, ನೆಲದ ಅಂಚು ಸಡಿಲವಾಗಿ ಇಡೀ ಮೈ ಬಾಗಿದ್ದರೆ ದೊಡ್ಡ ಕೆಲಸ. ಜಾಕ್ ಹಾಕುವ ಜಾಗದಲ್ಲಿ ನಿಧಾನಕ್ಕೆ ಎತ್ತಿದಾಗ ಬಾಗಿಲ ಸಂದಿ ಬದಲಾದರೆ ಎರಡನೆಯದ್ದೇ. ಜಾಕ್ ಒಂದನ್ನೇ ನಂಬಿ ಯಾವ ಕಾರಣಕ್ಕೂ ಕೆಳಗೆ ನುಸುಳಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದಷ್ಟೇ ಸಾಕು. ಹಿಂದಿನ ಲೀಫ್ ಸ್ಪ್ರಿಂಗ್ ಎರಡೂ ತುದಿ ಬಾಡಿಗೆ ಸೇರುವ ಜಾಗ ಕಾಣುವಂತಿರಲಿ.

ಕಾರು ಎಲ್ಲಿಂದ ಬಂದಿದ್ದು ಎಂದೂ ಕೇಳಿ. ಕುಂದಾಪುರ, ಉಡುಪಿ ಕಡೆ ಓಡಿದ್ದಾದರೆ ಸಮುದ್ರದ ಉಪ್ಪುಗಾಳಿಯ ಹೊಡೆತವೂ ಸೇರಿರುತ್ತದೆ. ದಾವಣಗೆರೆ, ಚಿತ್ರದುರ್ಗದಂಥ ಒಣ ಸೀಮೆಯ ಕಾರಿನ ತಗಡು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಸ್ವಲ್ಪ ದೂರ ಹೋಗಿ ಹುಡುಕಿದರೆ ನಷ್ಟವಿಲ್ಲ.

ಈಗ ಬಾನೆಟ್. ಓಡುವ ಕಾರಾದರೆ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ತಣಿಯುವವರೆಗೆ ಕಾಯಿರಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಕಾರ್ಬುರೇಟರ್ ಕೆಲಸ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಆಯಿಲ್ ಮುಚ್ಚಳದ ಒಳಗೆ ಹಾಲು ಬಣ್ಣದ ಜಿಡ್ಡು ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಇದ್ಯಾವುದೂ ಕಾರು ಬೇಡ ಎನ್ನಲು ಕಾರಣವಲ್ಲ, ಬೆಲೆ ಇಳಿಸಲು ಕಾರಣ.

ಓಡದೆ ನಿಂತ ಕಾರಾದರೆ ಅಲ್ಲೇ ಸ್ಟಾರ್ಟ್ ಮಾಡಿಸಲು ಹೋಗಬೇಡಿ. ಎಂಜಿನ್ ನಿಂತಾಗ ಯಾವುದಾದರೂ ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಅಲ್ಲಿಂದ ತೇವದ ಗಾಳಿ ಒಳಗೆ ಹೋಗಿ ಪಿಸ್ಟನ್ ರಿಂಗ್ ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಬ್ಯಾಟರಿ ಕೊಟ್ಟು ಒತ್ತಾಯದಿಂದ ತಿರುಗಿಸಿದರೆ ರಿಂಗ್ ಮುರಿದು ಬೋರ್ ಗೀಚುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ತೂತಿಗೂ ಸ್ವಲ್ಪ ಆಯಿಲ್ ಬಿಟ್ಟು, ಒಂದೆರಡು ದಿನ ನೆನೆಯಲು ಬಿಟ್ಟು, ಮುಂದಿನ ಪುಲ್ಲಿಯ ನಟ್‌ಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಬೇಕು. ಮಾಲೀಕರು ಇದಕ್ಕೆ ಒಪ್ಪದಿದ್ದರೆ ಎಂಜಿನ್ ಹಿಡಿದುಕೊಂಡಿದೆ ಎಂದೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ಬಹಳ ದಿನ ನಿಂತ ಕಾರಿನಲ್ಲಿ ಕ್ಲಚ್ ಪ್ಲೇಟ್ ಅಂಟಿರುತ್ತದೆ, ಬ್ರೇಕ್ ಸಿಲಿಂಡರ್ ಹಿಡಿದಿರುತ್ತದೆ, ವೈರನ್ನು ಇಲಿ ಕಡಿದಿರುತ್ತದೆ. ಇವು ಇದ್ದೇ ಇರುತ್ತವೆ ಎಂದುಕೊಂಡು ಖರ್ಚಿನ ಪಟ್ಟಿಗೆ ಸೇರಿಸಿ ಮುಂದೆ ಹೋಗಿ.

ನಾಲ್ಕು: ದಾಖಲೆ

ಮುಂಗಡ ಕೊಡುವ ಮೊದಲೇ ಈ ಕೆಲಸ ಮುಗಿಯಬೇಕು. ಕಾರಿನ ಚಾಸಿ ನಂಬರ್ ಹುಡುಕಿ, ತುಕ್ಕು, ಜಿಡ್ಡು ಒರೆಸಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಫೋಟೊದಲ್ಲಿ 3, 8 ಒಂದೇ ಥರ ಕಾಣುತ್ತವೆ, ಪ್ರಿಂಟ್‌ನಲ್ಲಿ ಅನುಮಾನ ಉಳಿಯದು. ಎಂಜಿನ್ ನಂಬರಿಗೂ ಹಾಗೇ. ಎರಡನ್ನೂ ಆರ್‌ಸಿ ಪಕ್ಕ ಇಟ್ಟು ಒಂದೊಂದೇ ಅಂಕಿ ಓದಿ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಫಾರಂ 25 ಕೊಟ್ಟು, ಕಾರು ತೋರಿಸಿ ನವೀಕರಿಸಬೇಕು. ನಿಂತ ಕಾರಿನಲ್ಲಿ ಇದು ಎಂದೋ ಮುಗಿದಿರುತ್ತದೆ. ಮುಗಿದಿದ್ದರೂ ಸರಿಪಡಿಸಬಹುದು, ಆದರೆ ಬಾಕಿ ಎಷ್ಟು ಎಂದು ಶಿವಮೊಗ್ಗ ಅಥವಾ ಸಾಗರದ ಆರ್‌ಟಿಒದಲ್ಲಿ ಮೊದಲೇ ಕೇಳಿ. ಕೆಎ-14 ಆದರೆ ಶಿವಮೊಗ್ಗ, ಕೆಎ-15 ಆದರೆ ಸಾಗರ. ಕೆಎ ಬರುವ ಮೊದಲಿನ ಮೂರಕ್ಷರದ ನಂಬರಿನ ಕಾರುಗಳ ವಿವರ ಎಷ್ಟೋ ಸಲ ಆನ್‌ಲೈನಿನಲ್ಲಿ ಇರುವುದಿಲ್ಲ. ಅಂಥದ್ದಕ್ಕೆ ಕಚೇರಿಯ ಹಳೇ ಪುಸ್ತಕ ನೋಡಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಆ ವಿವರವನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ ಮಾಡಿಸಬೇಕು.

ವರ್ಗಾವಣೆಗೆ ಫಾರಂ 29, 30. ಬ್ಯಾಂಕ್ ಸಾಲ ಆರ್‌ಸಿಯಲ್ಲಿ ಇನ್ನೂ ನಮೂದಾಗಿದ್ದರೆ ಅದನ್ನು ತೆಗೆಸಲು ಫಾರಂ 35. ನಮ್ಮಲ್ಲಿ ತುಂಬಾ ಸಿಗುವುದು ಅಜ್ಜನ ಹೆಸರಿನಲ್ಲೇ ಉಳಿದ ಕಾರು. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಗಿರುತ್ತದೆ, ಮೊಮ್ಮಗ ಮಾರಲು ನಿಂತಿರುತ್ತಾನೆ. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು. ಅದಕ್ಕೆ ಮರಣ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ದೊಡ್ಡಪ್ಪ ಬೆಂಗಳೂರಿನಲ್ಲಿ, ಅತ್ತೆ ಇನ್ನೊಂದು ಊರಿನಲ್ಲಿ ಇದ್ದರೆ ಸಹಿಗೇ ತಿಂಗಳುಗಟ್ಟಲೆ ಹಿಡಿಯಬಹುದು. ಮೊಮ್ಮಗನ ಹತ್ತಿರ ಮೆಲ್ಲಗೆ ಹೇಳಿ: "ನೀವು ಹೆಸರು ಮಾಡಿಸಿಕೊಳ್ಳಿ, ನಾನು ಕಾಯ್ತೇನೆ. ಬೇಕಾದ್ರೆ ಆರ್‌ಟಿಒಗೆ ಜೊತೆಗೆ ಬರ್ತೇನೆ." ಹೀಗೆ ಹೇಳಿದರೆ ಬೇಸರವೂ ಇಲ್ಲ, ಹಣವೂ ಸಿಕ್ಕಿಹಾಕಿಕೊಳ್ಳುವುದಿಲ್ಲ.

50 ವರ್ಷ ದಾಟಿದ ಕಾರಾದರೆ ಇನ್ನೊಂದು ದಾರಿ ಇದೆ. 2021ರ ಕೇಂದ್ರ ನಿಯಮದಲ್ಲಿ ಅಂಥವಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಷರತ್ತು ಏನೆಂದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಪ್ರದರ್ಶನ, ರ್‍ಯಾಲಿ, ಸರ್ವಿಸ್‌ನಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಾ ಪೇಟೆಗೆ ಓಡಿಸುವ ಆಸೆ ಇದ್ದರೆ ಮಾಮೂಲಿ ನೋಂದಣಿಯನ್ನೇ ಉಳಿಸಿಕೊಳ್ಳಿ.

ಐದು: ಬೆಲೆ ಮತ್ತು ಮನೆಗೆ ತರುವುದು

ಬೆಲೆ ಮಾತಾಡುವಾಗ ಕಾರನ್ನು ಹಳಿಯಬೇಡಿ. ಆ ಮನೆಯವರ ಮದುವೆ, ಆಸ್ಪತ್ರೆ, ಊರಿನ ತೇರು ಎಲ್ಲದಕ್ಕೂ ಓಡಿದ ಕಾರು ಅದು. ನೀವು ಬರೆದುಕೊಂಡ ಪಟ್ಟಿ ತೋರಿಸಿ, ಇಷ್ಟು ಕೆಲಸ ಇದೆ, ಇಷ್ಟು ಖರ್ಚಾಗುತ್ತದೆ ಎಂದು ಹೇಳಿ. ಕಾರನ್ನು ಗುಜರಿಗೆ ಹಾಕದೆ ಎಬ್ಬಿಸುತ್ತೀರಿ ಎಂದು ನಂಬಿಕೆ ಬಂದರೆ ಬೆಲೆ ತಾನಾಗಿಯೇ ಇಳಿಯುತ್ತದೆ. ಅಟ್ಟದ ಮೇಲಿರುವ ಹಳೇ ಸಾಮಾನು, ಮ್ಯಾನುವಲ್, ಹೆಚ್ಚುವರಿ ಬೀಗದ ಕೈ ಇದ್ದರೆ ಕೇಳಿ ಪಡೆಯಿರಿ. ಹೊರಡುವ ಹೊತ್ತಿಗೆ ಕೇಳದಿದ್ದರೆ ಆಮೇಲೆ ಸಿಗುವುದಿಲ್ಲ.

ಹಗ್ಗ ಕಟ್ಟಿ ಎಳೆದು ತರಬೇಡಿ. ಬ್ರೇಕ್ ಇಲ್ಲದ ಕಾರು ನಮ್ಮ ಇಳಿಜಾರಿನಲ್ಲಿ ಮುಂದಿನ ಗಾಡಿಗೇ ಹೋಗಿ ಗುದ್ದುತ್ತದೆ. ಲಾರಿಗೆ ಹತ್ತಿಸಿ ತನ್ನಿ.

ಆರು: ಬಿಚ್ಚುವ ಮೊದಲು

ಮಳೆಗಾಲದಲ್ಲಿ ಎಂಜಿನ್, ಬ್ರೇಕ್, ವೈರಿಂಗ್, ಕುಶನ್. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಟಿಂಕರಿಂಗ್, ಪೇಂಟ್. ಈ ಕ್ರಮ ಬದಲಾಯಿಸಬೇಡಿ. ಪೇಂಟ್ ಕೆರೆದ ಬರಿ ತಗಡು ಜುಲೈಯಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ಕೆಂಪಾಗುತ್ತದೆ. ಬೇಸಿಗೆಯಲ್ಲೂ ಕೆರೆದ ದಿನವೇ ಪ್ರೈಮರ್ ಬೀಳಬೇಕು. ತೇವದ ಗಾಳಿಯಲ್ಲಿ ಹೊಡೆದ ಪೇಂಟ್ ಬೆಳ್ಳಗೆ ಮಂಕಾಗುತ್ತದೆ, ಮತ್ತೆ ಕೆರೆಯಬೇಕಾಗುತ್ತದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಟಿಂಕರ್, ಪೇಂಟರ್, ಎಲೆಕ್ಟ್ರಿಷಿಯನ್ ಅಕ್ಕಪಕ್ಕ ಸಿಗುತ್ತಾರೆ. ಮಳೆಗಾಲದಲ್ಲೇ ಹೋಗಿ ಮಾತಾಡಿ, ಬೇಸಿಗೆಗೆ ಸಮಯ ಕೇಳಿಟ್ಟುಕೊಳ್ಳಿ. ಶಿವಮೊಗ್ಗದಲ್ಲಿ ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಹಳೇ ಸಾಮಾನನ್ನು ಕೈಯಲ್ಲಿ ಹಿಡಿದೇ ಹೋಗಿ, ಅಂಗಡಿಯವರಿಗೆ ಅದನ್ನು ತೋರಿಸಿದರೆ ಕೆಲಸ ಬೇಗ ಆಗುತ್ತದೆ.

ಒಂದು ನಟ್ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಬಿಚ್ಚಿದ ನಟ್ ಬೋಲ್ಟನ್ನು ಸ್ವಲ್ಪ ಎಣ್ಣೆ ಸವರಿ, ಚೀಟಿ ಬರೆದು, ಬೇರೆ ಬೇರೆ ಕವರಿಗೆ ಹಾಕಿ. ಚೀಟಿ ಪೆನ್ಸಿಲ್‌ನಲ್ಲಿರಲಿ, ತೇವಕ್ಕೆ ಶಾಯಿ ಅಳಿಸಿಹೋಗುತ್ತದೆ. ಇಡೀ ಕಾರನ್ನು ಒಮ್ಮೆಗೇ ಬಿಚ್ಚಬೇಡಿ. ಮೊದಲು ಬ್ರೇಕ್, ಅದು ಮುಗಿದ ಮೇಲೆ ಪೆಟ್ರೋಲ್ ಲೈನ್, ಆಮೇಲೆ ರೇಡಿಯೇಟರ್. ಹಳೇ ಬ್ರೇಕ್ ಲೈನಿಂಗ್‌ನ ಧೂಳಿನಲ್ಲಿ ಶ್ವಾಸಕೋಶಕ್ಕೆ ಕೆಟ್ಟದ್ದಾದ ಆಸ್ಬೆಸ್ಟಾಸ್ ಇರಬಹುದು. ಗಾಳಿ ಹೊಡೆಯದೆ ನೀರು ಚಿಮುಕಿಸಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಟ್ಯಾಂಕ್ ಕಳಚಿ ಹಳೇ ಪೆಟ್ರೋಲ್ ಚೆಲ್ಲಿ, ಒಳಗಿನ ತುಕ್ಕು ತೊಳೆಸಿ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಆ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಅದಕ್ಕೇ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬುರೇಟರಿನ ವಾಷರ್ ಎಲ್ಲವನ್ನೂ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿದ ಮೇಲೆಯೇ ಟ್ಯಾಂಕಿಗೆ ಪೆಟ್ರೋಲ್ ಹಾಕಿ. ಮೊದಲ ಸಲ ಎರಡು ಲೀಟರ್ ಸಾಕು. ಸ್ಟಾರ್ಟ್ ಮಾಡುವಾಗ ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಮತ್ತು ಇನ್ನೊಬ್ಬರು ಇರಲಿ.